ತೀವ್ರ ಹೊಟ್ಟೆನೋವಿನ ಕಾರಣ ಗುರುತಿಸುವ ಬಗೆ: ಉಪಕೇಂದ್ರದಲ್ಲಿ ಒಬ್ಬರೇ ದುಡಿಯುವ ಶುಶ್ರೂಷಾಧಿಕಾರಿಗಳಿಗೆ ಸಮಗ್ರ ಮಾರ್ಗದರ್ಶಿ

ಉಪಕೇಂದ್ರಕ್ಕೆ ಹೊಟ್ಟೆ ಹಿಡಿದುಕೊಂಡು ಬರುವವರು ಸಾಮಾನ್ಯವಾಗಿ ರೋಗದ ಹೆಸರನ್ನೂ ಅದರ ಮದ್ದನ್ನೂ ತಾವೇ ಹೇಳಿಬಿಡುತ್ತಾರೆ. “ಸಿಸ್ಟರ್, ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ, ಒಂದು ಇಂಜೆಕ್ಷನ್ ಹಾಕಿಬಿಡಿ” ಎಂಬ ಮಾತನ್ನು ನನ್ನ ಸೇವೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅನೇಕ ಸಲ ಆ ಮಾತು ಸರಿಯೂ ಆಗಿರುತ್ತದೆ. ಅಪಾಯವಿರುವುದು ಅಲ್ಲಿಯೇ, ಏಕೆಂದರೆ ಅದು ಸುಳ್ಳಾಗುವ ದಿನವೂ ರೋಗಿ ಅದೇ ಮಾತನ್ನು ಅದೇ ದನಿಯಲ್ಲಿ ಹೇಳುತ್ತಾರೆ. ಗ್ಯಾಸ್ಟ್ರಿಕ್ ಎಂಬುದು ಉಳಿದೆಲ್ಲವನ್ನೂ ನೋಡಿ ಬದಿಗಿಟ್ಟ ಮೇಲೆ ನೋಂದಣಿ ಪುಸ್ತಕದಲ್ಲಿ ಬರೆಯಬೇಕಾದ ಕೊನೆಯ ಪದವೇ ಹೊರತು ಮೊದಲ ಪದವಲ್ಲ ಎಂಬುದು ಈ ಬರಹದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ.

ಆಯುಷ್ಮಾನ್ ಭಾರತ ಯೋಜನೆಯಡಿ 2018ರಿಂದ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ ಬದಲಾಗಿವೆ. ಅಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳಾಗಿರುವ ನಮ್ಮ ನರ್ಸಿಂಗ್ ಪದವೀಧರರು ಮಾಡುತ್ತಿರುವ ಕೆಲಸ, ಬೇರೆ ದೇಶಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಎಂದು ಕರೆಯುವವರ ಕೆಲಸಕ್ಕೆ ಬಹಳ ಹತ್ತಿರದ್ದು. ಪಕ್ಕದಲ್ಲಿ ವೈದ್ಯರಿಲ್ಲ, ಸ್ಕ್ಯಾನಿಂಗ್ ಇಲ್ಲ, ಎಕ್ಸ್‌ರೇ ಇಲ್ಲ. ಕೈಯಲ್ಲಿರುವುದು ಬಿ.ಪಿ. ಯಂತ್ರ, ಥರ್ಮಾಮೀಟರ್, ಗ್ಲುಕೋಮೀಟರ್, ಮೂತ್ರ ಪರೀಕ್ಷೆಯ ಪಟ್ಟಿ, ಗರ್ಭ ಪರೀಕ್ಷೆಯ ಕಿಟ್ ಮತ್ತು ಇ-ಸಂಜೀವಿನಿ ಎಂಬ ದೂರವೈದ್ಯ ಸೇವೆಯ ಮೂಲಕ ಸಿಗುವ ವೈದ್ಯರ ದನಿ. ಇಷ್ಟರಿಂದ ರೋಗದ ನಿಖರ ಹೆಸರು ಎಲ್ಲ ಸಲವೂ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಈ ವ್ಯಕ್ತಿಯನ್ನು ಈಗಲೇ 108ರಲ್ಲಿ ಕಳಿಸಬೇಕೇ, ಇಂದು ಸಂಜೆಯೊಳಗೆ ತಾಲ್ಲೂಕು ಆಸ್ಪತ್ರೆ ತಲುಪಿದರೆ ಸಾಕೇ, ಅಥವಾ ಮನೆಗೆ ಕಳಿಸಿ ನಾಳೆ ಮತ್ತೆ ನೋಡಬಹುದೇ ಎಂಬ ಮೂರರಲ್ಲಿ ಒಂದನ್ನು ತಪ್ಪಿಲ್ಲದೆ ಆರಿಸುವುದೇ ನಿಮ್ಮ ಕೆಲಸ.

ಮೊದಲ ಹೆಜ್ಜೆ: ಬಾಗಿಲಲ್ಲೇ ನೋಡಿ, ನಾಡಿ ಹಿಡಿಯಿರಿ

ರೋಗಿ ನಡೆದು ಬರುವಾಗಲೇ ಪರೀಕ್ಷೆ ಆರಂಭವಾಗುತ್ತದೆ. ಹೊಟ್ಟೆಯ ಒಳಪೊರೆ ಉರಿಯೂತಕ್ಕೆ ಒಳಗಾಗಿರುವವರು ಅಲುಗಾಡಲು ಹೆದರುತ್ತಾರೆ. ಬಾಗಿಕೊಂಡು ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾರೆ, ಮಂಚ ಹತ್ತಲು ತಡಕಾಡುತ್ತಾರೆ, ಮಲಗಿದರೆ ಮಂಡಿ ಮಡಚಿ ಅಲ್ಲಾಡದೆ ಮಲಗಿಬಿಡುತ್ತಾರೆ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು ಇದಕ್ಕೆ ತದ್ವಿರುದ್ಧ. ಕೂರಲಾಗದೆ ನಿಲ್ಲಲಾಗದೆ ಹೊರಳಾಡುತ್ತಾರೆ. ಮೇದೋಜೀರಕ ಗ್ರಂಥಿಯ ಉರಿಯೂತವಿರುವವರು ಮುಂದಕ್ಕೆ ಬಾಗಿ ಕುಳಿತರೆ ಸ್ವಲ್ಪ ಹಾಯೆನಿಸುತ್ತದೆ ಎನ್ನುತ್ತಾರೆ. ಈ ಮೂರು ಭಂಗಿಗಳು ಕಣ್ಣಿಗೆ ಅಭ್ಯಾಸವಾಗಿಬಿಟ್ಟರೆ ಮುಂದಿನ ಪ್ರಶ್ನೆಗಳ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಆಮೇಲೆ ನಾಡಿ, ಉಸಿರಿನ ವೇಗ, ರಕ್ತದೊತ್ತಡ, ಜ್ವರ, ಆಮ್ಲಜನಕದ ಮಟ್ಟ, ಬೆರಳ ತುದಿಯ ಸಕ್ಕರೆ. ರಕ್ತದೊತ್ತಡ ಸರಿಯಿದೆ ಎಂಬುದನ್ನೇ ನಂಬಿ ಕೂರಬೇಡಿ. ಒಳಗೆ ರಕ್ತಸ್ರಾವವಾಗುತ್ತಿರುವ ಆರೋಗ್ಯವಂತ ಯುವತಿಯ ದೇಹ ಒತ್ತಡವನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡು ಕೊನೆಗೆ ಒಮ್ಮೆಲೇ ಕೈಬಿಡುತ್ತದೆ. ಅದಕ್ಕೆ ಮುಂಚೆ ನಿಮಗೆ ಸುಳಿವು ಕೊಡುವುದು ನೂರು ದಾಟಿದ ನಾಡಿ, ತಣ್ಣಗಾದ ಅಂಗೈ, ಬಿಳಿಚಿಕೊಂಡ ತುಟಿ. ಹಾಗೆಯೇ ವಯಸ್ಸಾದವರಲ್ಲಿ ಜ್ವರವಿಲ್ಲವೆಂದರೆ ಸೋಂಕಿಲ್ಲವೆಂದು ಅರ್ಥವಲ್ಲ. ರಕ್ತದೊತ್ತಡಕ್ಕೆ ಅಟೆನೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ನಾಡಿ ಏರದೆಯೂ ಇರಬಹುದು.

ಎರಡನೆಯ ಹೆಜ್ಜೆ: ನೋವಿನ ಕಥೆಯನ್ನು ಘಟನೆಗಳ ಕ್ರಮದಲ್ಲೇ ಕೇಳಿ

“ಎಲ್ಲಿ ನೋವು?” ಎಂಬ ಪ್ರಶ್ನೆಗಿಂತ “ನೋವು ಶುರುವಾದಾಗ ಏನು ಮಾಡುತ್ತಿದ್ದಿರಿ?” ಎಂಬ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ. ಆ ಗಳಿಗೆ ನೆನಪಿದ್ದರೆ, ಅಂದರೆ ಹಾಲು ಕರೆಯುತ್ತಿದ್ದೆ, ಬಸ್ ಹತ್ತುತ್ತಿದ್ದೆ ಎಂದು ರೋಗಿ ನಿಖರವಾಗಿ ಹೇಳಿದರೆ, ಏನೋ ಒಡೆದಿದೆ, ತೂತಾಗಿದೆ ಅಥವಾ ತಿರುಚಿಕೊಂಡಿದೆ ಎಂದು ಎಚ್ಚರಗೊಳ್ಳಬೇಕು. ಜಠರದ ಹುಣ್ಣು ತೂತಾಗುವುದು, ನಳಿಕೆಯಲ್ಲಿ ನಿಂತ ಗರ್ಭ ಒಡೆಯುವುದು, ಅಂಡಾಶಯ ತಿರುಚುವುದು, ಮಹಾಪಧಮನಿಯ ಊತ ಬಿರಿಯುವುದು, ಇವೆಲ್ಲ ಹೀಗೆ ಹಠಾತ್ತನೆ ಬರುವ ನೋವುಗಳು. ಗಂಟೆಗಳ ಲೆಕ್ಕದಲ್ಲಿ ನಿಧಾನವಾಗಿ ಏರುವ ನೋವು ಉರಿಯೂತದ್ದು. ಅಲೆಯಲೆಯಾಗಿ ಬಂದು ಬಿಟ್ಟು ಹೋಗುವ ನುಲಿತ, ಕರುಳಿನಂಥ ಟೊಳ್ಳು ಕೊಳವೆ ಅಡಚಣೆಯನ್ನು ದಾಟಲು ಹೆಣಗುತ್ತಿರುವುದರ ಲಕ್ಷಣ. ಬಿಟ್ಟು ಬಿಟ್ಟು ಬರುತ್ತಿದ್ದ ನುಲಿತ ಬಿಡದ ನೋವಾಗಿ ನಿಂತುಬಿಟ್ಟರೆ ಆ ಕರುಳಿಗೆ ರಕ್ತ ಹರಿಯುತ್ತಿಲ್ಲ ಎಂದು ಹೆದರಬೇಕು.

ನಮ್ಮ ಜನರ ಮಾತಿನಲ್ಲಿ ಈ ವ್ಯತ್ಯಾಸಗಳು ಆಗಲೇ ಇವೆ. ಉರಿ, ಕಡಿತ, ನುಲಿತ, ಮುರಿತ, ಚುಚ್ಚಿದ ಹಾಗೆ, ಹಿಂಡಿದ ಹಾಗೆ ಎಂಬ ಪದಗಳು ಬೇರೆ ಬೇರೆ ಅನುಭವಗಳನ್ನು ಹೇಳುತ್ತವೆ. ಆದ್ದರಿಂದ ಅವನ್ನೆಲ್ಲ ‘ಹೊಟ್ಟೆನೋವು’ ಎಂದು ಒಂದೇ ಪದಕ್ಕೆ ಇಳಿಸದೆ, ರೋಗಿ ಆಡಿದ ಪದವನ್ನೇ ಚೀಟಿಯಲ್ಲಿ ಬರೆಯಿರಿ.

ಕ್ರಮದ ಮಹತ್ವ ಅಪೆಂಡಿಸೈಟಿಸ್‌ನಲ್ಲಿ, ಅಂದರೆ ಅಪೆಂಡಿಕ್ಸ್‌ನ ಉರಿಯೂತದಲ್ಲಿ, ಎದ್ದು ಕಾಣುತ್ತದೆ. ಮೊದಲು ಹೊಕ್ಕುಳ ಸುತ್ತ ಇಂಥಲ್ಲೇ ಎಂದು ತೋರಿಸಲಾಗದ ನೋವು, ಊಟ ಬೇಡವೆನಿಸುವುದು, ನಂತರ ಒಂದೆರಡು ವಾಂತಿ, ಆಮೇಲೆ ನೋವು ಬಲ ಕಿಬ್ಬೊಟ್ಟೆಗೆ ಇಳಿದು ಅಲ್ಲೇ ನೆಲೆಯೂರುವುದು, ಸಣ್ಣ ಜ್ವರ. ವಾಂತಿ ಭೇದಿ ಮೊದಲು ಬಂದು ನೋವು ಹಿಂಬಾಲಿಸಿದ್ದರೆ ಕರುಳಿನ ಸೋಂಕಿನ ಸಾಧ್ಯತೆ ಹೆಚ್ಚು. ಆದರೂ ಅಪೆಂಡಿಕ್ಸ್ ಕಿಬ್ಬೊಟ್ಟೆಯ ಆಳಕ್ಕೆ ಇಳಿಬಿದ್ದಿದ್ದರೆ ಭೇದಿಯೂ ಆಗುತ್ತದೆ ಎಂಬುದನ್ನು ಮರೆಯಬಾರದು. ಇನ್ನೊಂದು ಮೋಸವಿದೆ. ಎರಡು ದಿನ ನರಳಿದವರು “ಈಗ ಪರವಾಗಿಲ್ಲ, ನೋವು ಇಳಿಯಿತು” ಎಂದಾಗ ನಾಡಿ ಮಾತ್ರ ಏರುತ್ತಲೇ ಇದ್ದರೆ, ಆ ಅಪೆಂಡಿಕ್ಸ್ ಒಡೆದಿರಬಹುದು.

ಕೇಂದ್ರಕ್ಕೆ ಬರುವ ದಾರಿಯಲ್ಲಿ ಆಟೊ ಅಥವಾ ಬೈಕ್ ರಸ್ತೆಯ ಹಂಪ್ ದಾಟಿದಾಗ ನೋವು ಜಾಸ್ತಿಯಾಯಿತೇ ಎಂದು ಕೇಳಿ. ಹಂಪ್‌ನಲ್ಲಿ ನೋವೇ ಆಗಲಿಲ್ಲವೆಂದರೆ ಅಪೆಂಡಿಸೈಟಿಸ್‌ನ ಸಾಧ್ಯತೆ ಕಡಿಮೆಯಾಗುತ್ತದೆ. ನೋವಾಯಿತೆಂಬುದರಿಂದ ಮಾತ್ರ ಅದೇ ಎಂದು ಹೇಳಲು ಬರುವುದಿಲ್ಲ.

ಕೊನೆಯ ಬಾರಿ ಮಲ ಯಾವಾಗ ಹೋಯಿತು, ಗಾಳಿ ಸರಿಯುತ್ತಿದೆಯೇ, ವಾಂತಿಯ ಬಣ್ಣವೇನು, ಮೂತ್ರ ಬಂದಿದೆಯೇ, ಹಿಂದೆ ಹೊಟ್ಟೆಯ ಆಪರೇಷನ್ ಆಗಿದೆಯೇ, ಮದ್ಯಪಾನವಿದೆಯೇ, ಇಷ್ಟನ್ನೂ ಕೇಳಿ. ಔಷಧದ ಪ್ರಶ್ನೆಯನ್ನು ಬಿಡಿಸಿ ಬಿಡಿಸಿ ಕೇಳಬೇಕು. “ಮಾತ್ರೆ ಏನಾದರೂ ತಗೋತೀರಾ?” ಎಂದರೆ ಇಲ್ಲ ಎನ್ನುವ ಅಜ್ಜಿ, “ಮಂಡಿನೋವಿಗೆ ಮೆಡಿಕಲ್ ಶಾಪಿಂದ ಏನಾದರೂ ತಗೋತೀರಾ ಅಜ್ಜಿ?” ಎಂದರೆ ಸೆರಗಿನ ಗಂಟು ಬಿಚ್ಚಿ, ಜಠರದಲ್ಲಿ ಹುಣ್ಣು ಮಾಡಬಲ್ಲ ಡೈಕ್ಲೋಫೆನಾಕ್ ನೋವಿನ ಮಾತ್ರೆಯ ಖಾಲಿ ಪಟ್ಟಿ ತೋರಿಸುತ್ತಾರೆ. ಆ ಪಟ್ಟಿ, ಹಠಾತ್ತನೆ ಶುರುವಾದ ಮೇಲ್ಹೊಟ್ಟೆಯ ನೋವು ಮತ್ತು ಹಲಗೆಯಂತೆ ಗಟ್ಟಿಯಾದ ಹೊಟ್ಟೆ, ಈ ಮೂರೂ ಸೇರಿದರೆ ಜಠರ ತೂತಾಗಿದೆ ಎಂದೇ ತಿಳಿದು ಆಂಬುಲೆನ್ಸ್ ಕರೆಯಬೇಕು.

ಹಳೆಯ ಶಸ್ತ್ರಚಿಕಿತ್ಸಕರ ಒಂದು ನಿಯಮ ಇಂದಿಗೂ ನಂಬಿಕೆಗೆ ಅರ್ಹವಾಗಿದೆ. ಅಲ್ಲಿಯವರೆಗೆ ಚೆನ್ನಾಗಿದ್ದವರಲ್ಲಿ ಶುರುವಾದ ತೀವ್ರ ಹೊಟ್ಟೆನೋವು ಆರು ಗಂಟೆ ದಾಟಿದರೂ ಬಿಡದಿದ್ದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಶಸ್ತ್ರಚಿಕಿತ್ಸಕರು ನೋಡಬೇಕಾದ ನೋವು ಎಂದೇ ಎಣಿಸಬೇಕು.

ಮೂರನೆಯ ಹೆಜ್ಜೆ: ಹೆಣ್ಣುಮಕ್ಕಳಲ್ಲಿ ಗರ್ಭವನ್ನು ಮೊದಲು ನೋಡಿ

ಮುಟ್ಟಾಗುವ ವಯಸ್ಸಿನ ಯಾವ ಹೆಣ್ಣುಮಗಳೇ ಹೊಟ್ಟೆನೋವೆಂದು ಬಂದರೂ ಮೂತ್ರದಲ್ಲಿ ಗರ್ಭ ಪರೀಕ್ಷೆ ಮಾಡಲೇಬೇಕು. ಮದುವೆಯಾಗಿಲ್ಲ, ಗಂಡ ಊರಲ್ಲಿಲ್ಲ, ಮೊನ್ನೆಯಷ್ಟೇ ಮುಟ್ಟಾಗಿದೆ, ಸಂತಾನಹರಣ ಆಪರೇಷನ್ ಆಗಿದೆ ಎಂಬ ಯಾವ ಉತ್ತರವೂ ಪರೀಕ್ಷೆಯನ್ನು ಬಿಡಲು ಕಾರಣವಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸೇವೆಗೆ ಸೇರಿದ ಹೊಸದರಲ್ಲಿ, ಇಬ್ಬರು ಮಕ್ಕಳ ತಾಯಿಯೊಬ್ಬರು ಎಡ ಕಿಬ್ಬೊಟ್ಟೆಯ ನೋವೆಂದು ಬಂದಿದ್ದರು. “ನಂಗೆ ಆಪರೇಷನ್ ಆಗಿ ನಾಲ್ಕು ವರ್ಷ ಆಯ್ತು ಸಿಸ್ಟರ್” ಎಂದರು, ನಾನು ಕಿಟ್ ತೆರೆಯಲಿಲ್ಲ. ನೋವಿನ ಮಾತ್ರೆ ಕೊಟ್ಟು ಬೆಂಚಿನ ಮೇಲೆ ಕೂರಿಸಿದ್ದೆ. ಸ್ವಲ್ಪ ಹೊತ್ತಿಗೆ ಅವರು ಶೌಚಕ್ಕೆಂದು ಎದ್ದವರು ಕಣ್ಣುಕತ್ತಲೆ ಬಂದು ಗೋಡೆ ಹಿಡಿದರು, “ಭುಜ ಯಾಕೋ ಎಳೀತಿದೆ” ಎಂದರು. ಆಗ ನಾಡಿ 128 ಇತ್ತು. ಅವರು ಬದುಕಿದ್ದು ಅಂದು ವಾಹನ ಬೇಗ ಸಿಕ್ಕಿದ್ದರಿಂದ, ನನ್ನ ಜಾಣ್ಮೆಯಿಂದಲ್ಲ. ಸಂತಾನಹರಣದ ನಂತರ ಗರ್ಭ ನಿಲ್ಲುವುದು ಅಪರೂಪ, ನಿಜ. ಆದರೆ ನಿಂತರೆ ಸುಮಾರು ಮೂರರಲ್ಲಿ ಒಂದು ಗರ್ಭಕೋಶದ ಹೊರಗೇ ನಿಂತಿರುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಚಿಕ್ಕ ವಯಸ್ಸಿನಲ್ಲೇ ಆ ಆಪರೇಷನ್ ಮಾಡಿಸಿಕೊಳ್ಳುವ ಹೆಣ್ಣುಮಕ್ಕಳು ಹೆಚ್ಚಿರುವ ನಮ್ಮ ರಾಜ್ಯದಲ್ಲಿ ಈ ಮಾತು ಪ್ರತಿ ಉಪಕೇಂದ್ರಕ್ಕೂ ಅನ್ವಯಿಸುತ್ತದೆ.

ಭುಜದ ತುದಿಯ ನೋವಿಗೆ ಕಾರಣ ಸರಳ. ಹೊಟ್ಟೆಯೊಳಗೆ ಸೋರಿದ ರಕ್ತ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪೊರೆಯಾದ ವಪೆಯನ್ನು ಕೆಣಕುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯ ಬೆನ್ನುಹುರಿಯಿಂದಾದ್ದರಿಂದ ಮೆದುಳು ಆ ನೋವನ್ನು ಭುಜದ್ದೆಂದು ಓದಿಕೊಳ್ಳುತ್ತದೆ. ಮುಟ್ಟು ತಪ್ಪಿ, ಕೊನೆಯ ಮುಟ್ಟಿನಿಂದ ಎಣಿಸಿದರೆ ಆರರಿಂದ ಎಂಟನೆಯ ವಾರದ ಆಸುಪಾಸಿನಲ್ಲಿ ಒಂದು ಪಕ್ಕದ ನೋವು, ಸ್ವಲ್ಪ ರಕ್ತಸ್ರಾವ, ಎದ್ದರೆ ತಲೆಸುತ್ತು ಎಂಬ ಕಥೆ ಕೇಳಿದಾಗ ಸ್ಕ್ಯಾನಿಂಗ್‌ಗೆ ನಾಳೆ ಹೋಗಿ ಎನ್ನಬಾರದು.

ಕಿಟ್‌ನಲ್ಲಿ ಒಂದೇ ಗೆರೆ ಬಂದರೆ, ಅಂದರೆ ಗರ್ಭವಿಲ್ಲ ಎಂದಾದರೆ, ಮುಂದಿನದನ್ನು ಯೋಚಿಸಿ. ಹಠಾತ್ ನೋವು ಮತ್ತು ಬಿಡದ ವಾಂತಿ ಇದ್ದರೆ ಅಂಡಾಶಯ ತಿರುಚಿರಬಹುದು. ಜ್ವರ, ಎರಡೂ ಪಕ್ಕದ ನೋವು, ದುರ್ವಾಸನೆಯ ಸ್ರಾವ ಇದ್ದರೆ ಅದು ಕಿಬ್ಬೊಟ್ಟೆಯ ಅಂಗಗಳ ಸೋಂಕು. 20 ವಾರ ದಾಟಿದ ಗರ್ಭಿಣಿಯ ಮೇಲ್ಹೊಟ್ಟೆಯ ನೋವನ್ನು ಎದೆಯುರಿ ಎನ್ನುವ ಮುನ್ನ ರಕ್ತದೊತ್ತಡ ಮತ್ತು ಮೂತ್ರದ ಪ್ರೋಟೀನ್ ನೋಡಲೇಬೇಕು, ಏಕೆಂದರೆ ಗರ್ಭಿಣಿಯ ಏರೊತ್ತಡ ಯಕೃತ್ತಿಗೆ ತಾಗಿದಾಗ ಅಲ್ಲೇ ನೋಯುತ್ತದೆ. ಗರ್ಭಕೋಶ ಕಲ್ಲಿನಂತೆ ಗಟ್ಟಿಯಾಗಿ ಬಿಡದೆ ನೋಯುತ್ತಿದ್ದರೆ, ಹೊರಗೆ ರಕ್ತ ಕಾಣದಿದ್ದರೂ ಮಾಸು ಕಳಚಿದೆಯೆಂದು ಶಂಕಿಸಬೇಕು.

ನಾಲ್ಕನೆಯ ಹೆಜ್ಜೆ: ಹೊಟ್ಟೆಯ ಮೇಲೆ ಕೈ ಇಡುವುದು

ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಮಂಚದ ಮಟ್ಟಕ್ಕೆ ಸ್ಟೂಲ್ ಎಳೆದು ಕುಳಿತುಕೊಳ್ಳಿ, ಏಕೆಂದರೆ ನಿಂತು ಒತ್ತಿದರೆ ಬೆರಳ ತುದಿ ಚುಚ್ಚುತ್ತದೆ, ಕುಳಿತರೆ ಅಂಗೈ ಚಪ್ಪಟೆಯಾಗಿ ಕೂರುತ್ತದೆ. ಎದೆಯ ಕೆಳಭಾಗದಿಂದ ತೊಡೆಸಂದಿನವರೆಗೆ ಬಟ್ಟೆ ಸರಿಸಲು ಅನುಮತಿ ಕೇಳಿ, ಮನೆಯ ಹೆಂಗಸೊಬ್ಬರನ್ನು ಜೊತೆಗಿರಿಸಿಕೊಳ್ಳಿ. ಮುಟ್ಟುವ ಮೊದಲು ನೋಡಿ. ಹೊಟ್ಟೆ ಉಬ್ಬಿದೆಯೇ, ಹಳೆಯ ಹೊಲಿಗೆಯ ಗುರುತಿದೆಯೇ, ತೊಡೆಸಂದಿನಲ್ಲಿ ಗಂಟಿದೆಯೇ, ಮಗುವಿನ ಹೊಟ್ಟೆಯ ಮೇಲೆ ಬರೆ ಹಾಕಿದ ಗಾಯವಿದೆಯೇ, ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಸರ್ಪಸುತ್ತಿನ ಗುಳ್ಳೆಗಳಿವೆಯೇ? ಕೆಮ್ಮಲು ಹೇಳಿ. ಕೆಮ್ಮಿದೊಡನೆ ಕೈ ಒಂದೇ ಜಾಗಕ್ಕೆ ಹೋದರೆ ಒಳಪೊರೆಯ ಉರಿ ಎಲ್ಲಿದೆಯೆಂದು ರೋಗಿಯೇ ತೋರಿಸಿಕೊಟ್ಟಂತೆ.

ನೋವಿರುವ ಜಾಗದಿಂದ ಅತಿ ದೂರದ ಮೂಲೆಯಲ್ಲಿ ಆರಂಭಿಸಿ, ಅವರ ಮಗನ ಶಾಲೆಯ ಬಗ್ಗೆಯೋ ಹೊಲದ ಬೆಳೆಯ ಬಗ್ಗೆಯೋ ಮಾತಾಡುತ್ತ ನಿಧಾನವಾಗಿ ಸುತ್ತಿ ಬನ್ನಿ. ನಿಮ್ಮ ಕಣ್ಣು ಹೊಟ್ಟೆಯ ಮೇಲಲ್ಲ, ರೋಗಿಯ ಮುಖದ ಮೇಲಿರಲಿ. ನೋವು ಬಾಯಿಂದ ಹೊರಡುವ ಮೊದಲೇ ಹುಬ್ಬು ಗಂಟಿಕ್ಕುತ್ತದೆ. ಒತ್ತಿದಾಗ ಬೇಕೆಂದೇ ಬಿಗಿಹಿಡಿದ ಸ್ನಾಯು ಮಾತಿನ ನಡುವೆ, ಉಸಿರು ಬಿಡುವಾಗ ಸಡಿಲವಾಗುತ್ತದೆ. ಒಳಪೊರೆಯ ಉರಿಯಿಂದ ಬಿಗಿದ ಸ್ನಾಯು ಏನು ಮಾಡಿದರೂ ಸಡಿಲವಾಗುವುದಿಲ್ಲ. ಗಟ್ಟಿಯಾಗಿ ಒತ್ತಿ ಫಕ್ಕನೆ ಕೈ ತೆಗೆದು ನೋಡುವ ಪರೀಕ್ಷೆಯನ್ನು ನಾನು ಮಾಡುವುದಿಲ್ಲ. ಮೆಲ್ಲಗೆ ಬೆರಳಿನಿಂದ ತಟ್ಟಿದರೆ ಅದೇ ಉತ್ತರ ಸಿಗುತ್ತದೆ, ರೋಗಿಯ ನಂಬಿಕೆಯೂ ಉಳಿಯುತ್ತದೆ.

ಗಂಡಸರಲ್ಲಿ ಹರ್ನಿಯಾ ಮತ್ತು ವೃಷಣಗಳನ್ನು ನೋಡದೆ ಪರೀಕ್ಷೆ ಮುಗಿಯಿತು ಎನ್ನಬೇಡಿ. ಶಾಲೆಗೆ ಹೋಗುವ ಹುಡುಗ ನಾಚಿಕೆಯಿಂದ ಕೆಳಹೊಟ್ಟೆ ನೋವು ಎಂದಷ್ಟೇ ಹೇಳುತ್ತಾನೆ. ತಿರುಚಿದ ವೃಷಣವನ್ನು ಸುಮಾರು ಆರು ಗಂಟೆಯೊಳಗೆ ಬಿಡಿಸಿದರೆ ಮಾತ್ರ ಉಳಿಯುವ ಭರವಸೆ ಹೆಚ್ಚು. ಮಹಿಳಾ ಆರೋಗ್ಯಾಧಿಕಾರಿಗೆ ಸಂಕೋಚವಾದರೆ, ಕಾರಣ ವಿವರಿಸಿ, ತಂದೆಯನ್ನೋ ಪುರುಷ ಸಹೋದ್ಯೋಗಿಯನ್ನೋ ಜೊತೆಗಿರಿಸಿಕೊಂಡು ನೋಡಿ.

ಐದನೆಯ ಹೆಜ್ಜೆ: ಜಾಗ ಹೇಳುವ ಸುಳಿವುಗಳು

ಬಲ ಪಕ್ಕೆಯ ಕೆಳಗಿನ ನೋವು, ಕರಿದ ತಿಂಡಿ ಅಥವಾ ಭಾರೀ ಊಟದ ನಂತರ ಬಂದು ಬಲ ಹೆಗಲ ಮೂಳೆಗೆ ಹರಿದರೆ, ಪಿತ್ತಕೋಶದ್ದು. ಅಲ್ಲಿ ಬೆರಳಿಟ್ಟು ಆಳವಾಗಿ ಉಸಿರೆಳೆಯಲು ಹೇಳಿದಾಗ ಉಸಿರು ಅರ್ಧಕ್ಕೆ ನಿಂತರೆ ಪಿತ್ತಕೋಶದ ಉರಿಯೂತ. ಜ್ವರ ಮತ್ತು ಕಾಮಾಲೆ ಸೇರಿದರೆ ತುರ್ತು. ಮದ್ಯಪಾನಿಗಳಲ್ಲಿ ಅದೇ ಜಾಗದ ನೋವು, ಚಳಿಜ್ವರ, ಪಕ್ಕೆಲುಬುಗಳ ನಡುವೆ ಒತ್ತಿದರೆ ಜೀವ ಹೋದಂತಾಗುವುದು ಇದ್ದರೆ ಯಕೃತ್ತಿನ ಕೀವುಗಂಟನ್ನು ನೆನೆಯಿರಿ. ಮೇಲ್ಹೊಟ್ಟೆಯಿಂದ ನೇರ ಬೆನ್ನಿಗೆ ಹಾಯುವ, ವಾಂತಿಯಾದರೂ ಇಳಿಯದ ನೋವು ಮೇದೋಜೀರಕ ಗ್ರಂಥಿಯದು.

ಬಲ ಕಿಬ್ಬೊಟ್ಟೆಯಲ್ಲಿ, ಸೊಂಟದ ಮೂಳೆಯ ಮುಂದಿನ ಚೂಪು ತುದಿಯಿಂದ ಹೊಕ್ಕುಳಿಗೆ ಎಳೆದ ಗೆರೆಯ ಮೂರನೆಯ ಒಂದು ಭಾಗದಷ್ಟು ದೂರದಲ್ಲಿ, ಅಪೆಂಡಿಸೈಟಿಸ್‌ನಲ್ಲಿ ಒತ್ತಿದರೆ ನೋಯುವ ಮೆಕ್‌ಬರ್ನಿ ಬಿಂದು ಇದೆ. ಎಡಗಡೆ ಒತ್ತಿದಾಗಲೂ ನೋವು ಅಲ್ಲೇ ಬಂದರೆ ಅಪೆಂಡಿಸೈಟಿಸ್‌ನ ಶಂಕೆ ಗಟ್ಟಿಯಾಗುತ್ತದೆ. ತುಂಬು ಗರ್ಭಿಣಿಯಲ್ಲಿ ಅಪೆಂಡಿಕ್ಸ್ ಮೇಲಕ್ಕೆ ತಳ್ಳಲ್ಪಟ್ಟಿರಬಹುದಾದ್ದರಿಂದ ನೋವೂ ಮೇಲಿರಬಹುದು. ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವಿನೊಂದಿಗೆ ಮೂತ್ರದಲ್ಲಿ ರಕ್ತ ಕಂಡರೆ ಕಲ್ಲು. ಆದರೆ ಅರವತ್ತು ದಾಟಿದ, ಬೀಡಿ ಸೇದುವ ಹಿರಿಯರಿಗೆ ಜೀವನದಲ್ಲಿ ಮೊದಲ ಸಲ ಬಂದ ‘ಕಲ್ಲಿನ ನೋವು’ ಮಹಾಪಧಮನಿಯ ಬಿರುಕೂ ಆಗಿರಬಹುದು. ಕಲ್ಲಿನೊಂದಿಗೆ ಚಳಿಜ್ವರ ಬಂದರೆ ಅದೂ ಅಂದೇ ಕಳಿಸಬೇಕಾದದ್ದು. ಇಡೀ ಹೊಟ್ಟೆ ಉಬ್ಬಿ, ಹಸಿರು ವಾಂತಿಯಾಗಿ, ಮಲವೂ ಗಾಳಿಯೂ ನಿಂತಿದ್ದರೆ ಕರುಳು ಕಟ್ಟಿದೆ. ಹಳೆಯ ಆಪರೇಷನ್‌ನ ಗುರುತು ಅಥವಾ ಒಳಗೆ ಹೋಗದ ಹರ್ನಿಯಾ ಕಾರಣವನ್ನು ಹೇಳುತ್ತದೆ. ಎರಡು ಮೂರು ವಾರದ ಟೈಫಾಯ್ಡ್ ಜ್ವರದ ನಡುವೆ ಹಠಾತ್ ಹೊಟ್ಟೆನೋವು ಬಂದರೆ ಕರುಳು ತೂತಾಗಿರಬಹುದು.

ಹೃದಯದ ಲಯ ತಪ್ಪಿರುವ ವೃದ್ಧರು ನೋವೆಂದು ಚೀರುತ್ತಿದ್ದು, ನೀವು ಮುಟ್ಟಿದರೆ ಹೊಟ್ಟೆ ಮೆತ್ತಗೇ ಇದ್ದರೆ, ನಾಟಕವೆಂದು ಭಾವಿಸಬೇಡಿ. ಕರುಳಿನ ರಕ್ತನಾಳ ಕಟ್ಟಿಕೊಂಡಾಗ ಮೊದಮೊದಲು ಹೀಗೆಯೇ ಇರುತ್ತದೆ.

ಆರನೆಯ ಹೆಜ್ಜೆ: ಹೊಟ್ಟೆಯದಲ್ಲದ ಹೊಟ್ಟೆನೋವು

ನಲವತ್ತು ದಾಟಿದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಮುಖ್ಯವಾಗಿ, ಬೆವರು ಮತ್ತು ಸುಸ್ತಿನೊಂದಿಗೆ ಬರುವ ಮೇಲ್ಹೊಟ್ಟೆಯ ನೋವು ಹೃದಯದ ಕೆಳಗೋಡೆಯ ಆಘಾತವಾಗಿರಬಹುದು. ಆಂಟಾಸಿಡ್ ಕುಡಿದು ನೋವು ಇಳಿಯಿತು ಎಂಬುದು ಹೃದಯ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ. ಇಸಿಜಿ ಇರುವೆಡೆಗೆ ಕಳಿಸಿ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ನಿಮ್ಮ ಸುತ್ತ ಯಾವ ಆಸ್ಪತ್ರೆಯಲ್ಲಿ ಅದಿದೆಯೆಂದು ಇಂದೇ ತಿಳಿದು ಗೋಡೆಗೆ ಅಂಟಿಸಿಕೊಳ್ಳಿ.

ಕಟ್ಟು ಹಾವಿನ ಕಡಿತವನ್ನು ನಗರದ ಆಸ್ಪತ್ರೆಗಳವರಿಗಿಂತ ನಾವೇ ಮೊದಲು ನೋಡುತ್ತೇವೆ. ಇದನ್ನು ಕೆಲವೆಡೆ ಕಡಂಬಳ ಎನ್ನುತ್ತಾರೆ. ರಾತ್ರಿ ಓಡಾಡುವ ಈ ಹಾವು ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುತ್ತದೆ. ಬಾವು ಬರುವುದಿಲ್ಲ, ಹಲ್ಲಿನ ಗುರುತು ಅನೇಕ ಸಲ ಕಾಣುವುದೇ ಇಲ್ಲ. ಬೆಳಗಿನ ಜಾವ ಎಚ್ಚರವಾದಾಗ ಇರುವುದು ಹೊಟ್ಟೆನೋವು ಮತ್ತು ವಾಂತಿ ಮಾತ್ರ. ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೊಟ್ಟೆನೋವೆಂದು ಬಂದವರನ್ನು “ರಾತ್ರಿ ಎಲ್ಲಿ ಮಲಗಿದ್ದಿರಿ?” ಎಂದು ಕೇಳಿ, ನಿಮ್ಮ ಬೆರಳನ್ನು ಮೇಲೆತ್ತಿ ತಲೆ ಅಲುಗಿಸದೆ ಒಂದು ನಿಮಿಷ ಅದನ್ನೇ ನೋಡಲು ಹೇಳಿ. ರೆಪ್ಪೆ ಜೋಲಿದರೆ, ಎಂಜಲು ನುಂಗಲಾಗದಿದ್ದರೆ, ತಲೆ ಎತ್ತಲಾಗದಿದ್ದರೆ ಉಸಿರು ನಿಲ್ಲುವ ಮುನ್ನ ಪ್ರತಿವಿಷ ಮತ್ತು ವೆಂಟಿಲೇಟರ್ ಇರುವ ಕಡೆಗೆ ಹೊರಡಿಸಬೇಕು. ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಜೊತೆಗಿರಲಿ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿರುವುದರಿಂದ ವರದಿಯನ್ನೂ ಮರೆಯಬೇಡಿ.

ಬೆವರು, ಜೊಲ್ಲು, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ಬಟ್ಟೆಯಲ್ಲಿ ಕೀಟನಾಶಕದ ವಾಸನೆ ಇದ್ದರೆ ವಿಷಪ್ರಾಶನ. ಆಳವಾಗಿ ಏದುಸಿರು ಬಿಡುತ್ತಿರುವ, ಹೊಟ್ಟೆನೋವೆನ್ನುವ ಮಗುವಿಗೆ ಸಕ್ಕರೆ ಪರೀಕ್ಷೆ ಮಾಡಿದರೆ ಅಲ್ಲಿಯವರೆಗೆ ಯಾರೂ ಗುರುತಿಸದ ಮಧುಮೇಹ ಸಿಗಬಹುದು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೆ ಶುರುವಾಗುವ ತೀವ್ರ ಹೊಟ್ಟೆನೋವು ಅಪಾಯದ ಸೂಚನೆಯೇ ಹೊರತು ಚೇತರಿಕೆಯದಲ್ಲ. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಕೆಲಸ ಮಾಡುವವರು ಕುಡುಗೋಲು ಕಣ ರೋಗದ (ಸಿಕಲ್ ಸೆಲ್) ಬಿಕ್ಕಟ್ಟನ್ನೂ ಪಟ್ಟಿಯಲ್ಲಿಡಬೇಕು. ನ್ಯುಮೋನಿಯಾ ಆದ ಮಗು ಎದೆಯ ಬದಲು ಹೊಟ್ಟೆಯನ್ನು ತೋರಿಸುವುದುಂಟು, ಆದ್ದರಿಂದ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ.

ಎರಡು ವರ್ಷದೊಳಗಿನ ಕೂಸು ಕಾಲು ಮಡಚಿ ಚೀರಿ, ಸ್ವಲ್ಪ ಹೊತ್ತು ಸುಮ್ಮನಾಗಿ, ಮತ್ತೆ ಚೀರುತ್ತಿದ್ದರೆ ಕರುಳಿನೊಳಗೆ ಕರುಳು ಸೇರಿಕೊಂಡಿರಬಹುದು. ಮಲದಲ್ಲಿ ರಕ್ತ ಮತ್ತು ಲೋಳೆ ಕಾಣುವವರೆಗೆ ಕಾಯಬಾರದು.

ಏಳನೆಯ ಹೆಜ್ಜೆ: ಕಳಿಸುವುದು ಅಥವಾ ಉಳಿಸಿಕೊಳ್ಳುವುದು

ಕಳಿಸುವುದೆಂದು ನಿರ್ಧರಿಸಿದ ಮೇಲೆ ಬಾಯಿಗೆ ಏನೂ ಕೊಡಬೇಡಿ, ಎನಿಮಾ ಮತ್ತು ಭೇದಿಯ ಔಷಧ ಬೇಡವೇ ಬೇಡ. “ಬಟ್ಟಿ ಬಿದ್ದಿದೆ” ಎಂದು ಹೊಟ್ಟೆ ತಿಕ್ಕಿಸಿಕೊಂಡು ಬಂದಿದ್ದರೆ ಬಯ್ಯದೆ, ಇನ್ನು ತಿಕ್ಕಿಸಬೇಡಿ ಎಂದು ಹೇಳಿ, ಅದನ್ನು ಚೀಟಿಯಲ್ಲೂ ಬರೆಯಿರಿ. ರಕ್ತನಾಳಕ್ಕೆ ಸೂಜಿ ಹಾಕಿ, ಆಘಾತದ (ಶಾಕ್) ಲಕ್ಷಣವಿದ್ದರೆ ಇ-ಸಂಜೀವಿನಿಯ ವೈದ್ಯರ ಸಲಹೆಯಂತೆ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಆರಂಭಿಸಿ. ನೋವು ಕಡಿಮೆ ಮಾಡಿದರೆ ರೋಗ ಮರೆಯಾಗುತ್ತದೆಂಬ ಹಳೆಯ ಹೆದರಿಕೆ ತಪ್ಪೆಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಕೊಟ್ಟ ಔಷಧ ಮತ್ತು ಸಮಯವನ್ನು ಬರೆದು, ರಕ್ತನಾಳದ ಮೂಲಕ ಪ್ಯಾರಸಿಟಮಾಲ್‌ನಂಥದ್ದನ್ನು ವೈದ್ಯರ ಆದೇಶದಂತೆ ಕೊಡಿ. ಡೈಕ್ಲೋಫೆನಾಕ್ ಅನ್ನು ಹುಣ್ಣಿನ ಶಂಕೆ, ನಿರ್ಜಲೀಕರಣ, ಗರ್ಭ ಅಥವಾ ಡೆಂಗಿ ಇದ್ದಲ್ಲಿ ಮುಟ್ಟಬೇಡಿ. ನಾನು ಒಪ್ಪದ ಅಭ್ಯಾಸವೆಂದರೆ, ಪರೀಕ್ಷೆ ಮಾಡದೆ ನುಲಿತ ತಗ್ಗಿಸುವ ಡೈಸೈಕ್ಲೋಮಿನ್ ಮತ್ತು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಒಟ್ಟಿಗೆ ಚುಚ್ಚಿ ಮನೆಗೆ ಕಳಿಸುವುದು.

ಸೇರಬೇಕಾದ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ, ಶಸ್ತ್ರಚಿಕಿತ್ಸಕರು ಅಥವಾ ಪ್ರಸೂತಿ ತಜ್ಞರು ಅಂದು ಇದ್ದಾರೆಯೇ ಎಂದು ಕೇಳಿಕೊಳ್ಳಿ. ಚೀಟಿಯಲ್ಲಿ ರೋಗದ ಹೆಸರಿಗಿಂತ ಘಟನೆಗಳ ಕ್ರಮ ಮುಖ್ಯ. ‘ನಿನ್ನೆ ರಾತ್ರಿ 10ಕ್ಕೆ ಹೊಕ್ಕುಳ ಸುತ್ತ ನೋವು, 1ಕ್ಕೆ ಒಂದು ವಾಂತಿ, ಬೆಳಿಗ್ಗೆ 6ರಿಂದ ಬಲ ಕಿಬ್ಬೊಟ್ಟೆ, ಕೆಮ್ಮಿದರೆ ನೋವು, ನಾಡಿ 104, ಪರೀಕ್ಷೆಯಲ್ಲಿ ಗರ್ಭವಿಲ್ಲ ಎಂದು ಬಂದಿದೆ’ ಎಂಬ ಒಂದು ಸಾಲು ‘ಅಪೆಂಡಿಸೈಟಿಸ್ ಇರಬಹುದೇ?’ ಎಂಬ ಚೀಟಿಗಿಂತ ಹೆಚ್ಚು ಉಪಯುಕ್ತ.

ಮನೆಗೆ ಕಳಿಸಬಹುದಾದವರು ಎಂದರೆ ನಾಡಿ, ಉಸಿರು, ಒತ್ತಡ ಎಲ್ಲವೂ ಸರಿಯಿದ್ದು, ಹೊಟ್ಟೆ ಮೆತ್ತಗಿದ್ದು, ನೀವು ಎರಡನೆಯ ಸಲ ಪರೀಕ್ಷಿಸಿದಾಗಲೂ ಹಾಗೆಯೇ ಇದ್ದವರು. ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿ ಮತ್ತೆ ಕೈ ಇಡುವುದು ನಿಮ್ಮಲ್ಲಿರುವ ಅತ್ಯುತ್ತಮ ಪರೀಕ್ಷೆ, ಅದಕ್ಕೆ ಯಾವ ಯಂತ್ರವೂ ಬೇಡ. ಮನೆಯಲ್ಲಿ ರಾತ್ರಿ ಜೊತೆಗೆ ಯಾರಿರುತ್ತಾರೆ, ವಾಹನ ಸಿಗುತ್ತದೆಯೇ ಎಂದು ಕೇಳಿ. ಒಂಟಿಯಾಗಿರುವ ಅಜ್ಜಿ ಮತ್ತು ಹೊಳೆಯಾಚೆಯ ಮನೆಯವರ ವಿಷಯದಲ್ಲಿ ನಿರ್ಧಾರ ಕಳಿಸುವ ಕಡೆಗೇ ವಾಲಲಿ. ನೋವು ಒಂದೇ ಜಾಗಕ್ಕೆ ಬಂದು ನಿಂತರೆ, ವಾಂತಿ ಹಸಿರಾದರೆ, ಮಲ ಕಪ್ಪಾದರೆ, ಎದ್ದಾಗ ಕಣ್ಣುಕತ್ತಲೆ ಬಂದರೆ, ನಡೆಯುವಾಗ ಬಾಗಬೇಕೆನಿಸಿದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಲು ಹೇಳಿ, ಅವರ ಬಾಯಿಂದ ಅದನ್ನು ಒಮ್ಮೆ ಹೇಳಿಸಿ. ನೋಂದಣಿ ಪುಸ್ತಕದಲ್ಲಿ ಅವರ ಸಾಲಿನ ಎದುರು ಫೋನ್ ಸಂಖ್ಯೆ ಬರೆದುಕೊಂಡು, ರಾತ್ರಿ ಎಂಟು ಗಂಟೆಗೆ ನೀವೇ ಕರೆ ಮಾಡಿ ಊಟ ಮಾಡಿದಿರಾ ಎಂದು ಕೇಳಿ. ಬೆಳಗಿನಿಂದ ಹಸಿವೇ ಆಗಿಲ್ಲ ಎಂಬ ಉತ್ತರ ಬಂದರೆ, ಮರುದಿನದ ಮೊದಲ ರೋಗಿ ಅವರೇ ಆಗಲಿ, ಅಥವಾ ನೋವೂ ಏರಿದ್ದರೆ ಆ ರಾತ್ರಿಯೇ ಹೊರಡಲಿ.